ಬೀಗಿತ್ತಿಗೆ ಮಾತು ಕೊಟ್ಟ ಮೆಂತ್ಯ ಸೊಪ್ಪು

ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವವರ ಮನೆಯಲ್ಲೇ ಇಂಥವು ನಡೆಯುತ್ತವೆ. ಹೊಸದುರ್ಗದ ನಮ್ಮ ಬೀಗಿತ್ತಿ ಒಮ್ಮೆ, "ಕಾನ್ವೆಂಟಲ್ಲಿ ಓದಿದೋರಿಗೆ ಮಣ್ಣು ಯಾಕ್ರೀ ಬೀಗ್ರೇ, ನಿಮಗೆ ಇಸ್ತ್ರಿ ಸೀರೆನೇ ಸರಿ" ಎಂದು ನಕ್ಕರು. "ಮುಂದಿನ ಸಲ ನೀವು ಹಿರಿಯೂರಿಗೆ ಬಂದಾಗ ನನ್ನ ಹಿತ್ತಿಲಿನ ಮೆಂತ್ಯ ಸೊಪ್ಪಿನ ಪಲ್ಯವನ್ನೇ ಬಡಿಸುತ್ತೇನೆ" ಎಂದುಬಿಟ್ಟೆ. ಕೊಟ್ಟ ಮಾತಿಗೆ ತಪ್ಪಿದವಳಲ್ಲ ನಾನು.

ಬೀಜ

ಮೊದಲು ಕೊತ್ತಂಬರಿಯಲ್ಲಿ ಕೈ ಪಳಗಿಸೋಣವೆಂದು ದಾರ ಕಟ್ಟಿ, ಸ್ಕೇಲಿಟ್ಟು, ಒಂದೊಂದೇ ಕಾಳು ನೆಟ್ಟೆ. ಮೂರು ವಾರವಾದರೂ ಒಂದೂ ತಲೆ ಎತ್ತಲಿಲ್ಲ. ಯಲ್ಲದಕೆರೆಯಿಂದ ಮನೆಗೆಲಸಕ್ಕೆ ಬರುವಾಕೆ ನೋಡಿ, "ಇಡೀ ಕಾಳು ಹಾಕಿದ್ರೆ ಹೆಂಗ್ ಬರ್ತೈತ್ರೀ ಅಮ್ಮಾರೇ? ಚಪ್ಪಲಿ ಕಾಲಲ್ಲಿ ಉಜ್ಜಿ, ಎರಡು ಹೋಳು ಮಾಡಿ ಹಾಕ್ಬೇಕು" ಎಂದಳು.

ತಿನ್ನುವ ಪದಾರ್ಥಕ್ಕೆ ಚಪ್ಪಲಿಯೇ! ಹೊಸ ಜೊತೆ ತರಿಸಿ, ಸೋಪು ಹಚ್ಚಿ ತೊಳೆದು, ಬಿಸಿಲಿಗಿಟ್ಟು, ಆಮೇಲೆ ಉಜ್ಜಿದೆ.

ಆಕೆ ಸೆರಗು ಬಾಯಿಗೆ ಹಿಡಿದು, "ಚಪ್ಪಲೀಗೆ ಮಡಿ ಮಾಡಿಸೋದು ಇದೇ ಮೊದ್ಲು ನೋಡಿದ್ದು" ಎಂದಳು.

ಕಳೆ

ಮುಂದೆ ಕ್ಯಾರೆಟ್. ಹುಟ್ಟಿದ್ದರಲ್ಲಿ ಬಡಕಲು ಸಸಿಗಳನ್ನೆಲ್ಲ ಕಿತ್ತೆಸೆದು, ದಷ್ಟಪುಷ್ಟವಾದವಕ್ಕೆ ಎರಡು ಹೊತ್ತು ನೀರು ಹಾಕಿದೆ. ಮೊಣಕಾಲೆತ್ತರ ಬೆಳೆದು ಬಿಳಿ ಹೂ ಬಿಟ್ಟಾಗ ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಪಾರ್ಥೇನಿಯಂ ಕಣೇ ಇದು. ಧರ್ಮಪುರದ ರಸ್ತೆಯುದ್ದಕ್ಕೂ ಯಾರೂ ನೀರು ಹಾಕದೇ ಬೆಳೆಯುತ್ತೆ. ಪಾಪ, ನಿನ್ನಷ್ಟು ಪ್ರೀತಿ ಇದಕ್ಕೆ ಯಾರೂ ತೋರಿಸಿರಲಿಲ್ಲ."

ಗೊಬ್ಬರ

ಮೆಂತ್ಯ ಮಾತ್ರ ಚೆನ್ನಾಗಿ ಬಂತು, ಗೇಣುದ್ದ. ಇನ್ನಷ್ಟು ಹಸಿರಾಗಲಿ ಎಂದು, ಊರಾಚೆ ಮಂದೆ ಬಿಟ್ಟಿದ್ದ ಕುರಿಯವನನ್ನು ಕರೆದು ಕುರಿ ಗೊಬ್ಬರ ಕೇಳಿದೆ.

"ಆಗ್ಲಿ ತಾಯಿ, ಶನಿವಾರ ಬರ್ತೀವಿ. ಹಿತ್ತಿಲ ಗೇಟು ತೆಗ್ದಿಡ್ರಿ."

ಎರಡು ಚೀಲ ತಂದಿಡುತ್ತಾನೆ ಎಂದುಕೊಂಡೆ. ಗೇಟು ತೆಗೆದಿಟ್ಟು, ಹೊಸದುರ್ಗದ ಕಡೆಯ ಹಾಲುರಾಮೇಶ್ವರ ದೇವಸ್ಥಾನಕ್ಕೆ ಹೊರಟೆವು. ದರ್ಶನ ಮುಗಿಸಿ, ಆ ದಿನ ಬೀಗಿತ್ತಿಯ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಪಲ್ಯದ ಊಟಕ್ಕೆಂದು ಅವರನ್ನೂ ಕರೆದುಕೊಂಡೇ ಬಂದೆವು.

ಹಿತ್ತಿಲ ತುಂಬ ಕುರಿ! ಈ ಕಡೆ ಗೊಬ್ಬರ ಕೇಳಿದರೆ ಚೀಲ ಬರುವುದಿಲ್ಲ, ಮಂದೆಯೇ ಬಂದು ರಾತ್ರಿಯಿಡೀ ತಂಗುತ್ತದೆ ಎಂದು ನನಗೆ ಕಾನ್ವೆಂಟಿನ ಯಾವ ಸಿಸ್ಟರೂ ಕಲಿಸಿರಲಿಲ್ಲ. ಮೆಂತ್ಯದ ಮಡಿಯಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ. ನೆಲವೆಲ್ಲ ಕಪ್ಪು ಹಿಕ್ಕೆ.

ಕುರಿಯವನು ಹೆಮ್ಮೆಯಿಂದ, "ನೋಡ್ರಿ ತಾಯಿ, ಒಂದು ಹಿಕ್ಕೆನೂ ಆಚೆ ಬಿದ್ದಿಲ್ಲ" ಎಂದ.

"ನನ್ನ ಸೊಪ್ಪು?"

"ಸೊಪ್ಪು ತಿನ್ನದೆ ಗೊಬ್ಬರ ಎಲ್ಲಿಂದ ಬರ್ತೈತ್ರೀ?"

ಅಷ್ಟರಲ್ಲಿ ಹಿಂದಿನಿಂದ ಬೀಗಿತ್ತಿಯ ದನಿ: "ಎಲ್ರೀ ಬೀಗ್ರೇ, ನಿಮ್ಮ ಮೆಂತ್ಯ ಸೊಪ್ಪು?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ನೆಲದತ್ತ ಕೈ ತೋರಿಸಿದರು.

"ಎಲ್ಲಾ ಇಲ್ಲೇ ಇದೆ ಬನ್ನಿ. ಒಂದು ಎಲೆಯೂ ಆಚೆ ಹೋಗಿಲ್ಲ."