ಒಂದು ಗೆರೆ ಕಡಿಮೆ

ಕಾಗದದ ಮೇಲೆ ಒಂದೇ ಒಂದು ಗೆರೆ ಕಡಿಮೆ ಬಿತ್ತು. ಲೀಲಾಧರನ ಮರ್ಯಾದೆ ಬೀದಿಗೆ ಬರಲು ಅಷ್ಟೇ ಸಾಕಾಯಿತು.

ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಅವನು ಇಪ್ಪತ್ನಾಲ್ಕು ವರ್ಷದಿಂದ ಸೂಪರ್‌ವೈಸರ್. ಒಂದು ಮೊಳೆಯನ್ನೂ ಮನೆಗೆ ಒಯ್ದವನಲ್ಲ. ಆ ತಿಂಗಳು ಅಲ್ಲಿ ಆನೆಗಾತ್ರದ ಹೀಟ್ ಎಕ್ಸ್‌ಚೇಂಜರ್ ಬಿಚ್ಚಿದ್ದರು. ಬಿಸಿ ಎಣ್ಣೆ ತಣಿಸುವ ಆ ಉಕ್ಕಿನ ಪೀಪಾಯಿಯ ಹೊಟ್ಟೆಯಲ್ಲಿ ನಾನೂರು ಹಿತ್ತಾಳೆ ಟ್ಯೂಬುಗಳು, ಒಂದೊಂದೂ ಹನ್ನೆರಡಡಿ ಉದ್ದ. ಸೋರುವ ಹಳೆಯವನ್ನೆಲ್ಲ ಎಳೆದುಹಾಕಿ, ಒಂದು ತೂತಿಗೆ ಒಂದರಂತೆ ಹೊಸತು ತೂರಿಸಬೇಕು. ಮುನ್ನೂರನಲವತ್ತು ಆಗಿತ್ತು. ಉಳಿದ ಅರವತ್ತನ್ನು ಫಿಟ್ಟರ್ ಜಟ್ಟೆಪ್ಪ ಎಣಿಸುತ್ತ ಎತ್ತಿಟ್ಟ. ಗ್ರೈಂಡರಿನ ಗದ್ದಲದಲ್ಲಿ ಅಂಕಿ ಕಿವಿಗೆ ಬಿದ್ದಾಗಲೆಲ್ಲ ಲೀಲಾಧರ ಒಂದು ಗೆರೆ ಎಳೆದ. ಜಟ್ಟೆಪ್ಪ ಚಹಾಕ್ಕೆ ಹೋದ ಮೇಲೆ ಗೆರೆ ಕೂಡಿಸಿದರೆ ಐವತ್ತೊಂಬತ್ತು!

ಟ್ಯೂಬುಗಳನ್ನೇ ಇನ್ನೊಮ್ಮೆ ಎಣಿಸಬಹುದಿತ್ತು. ಆದರೆ ಹೆದರಿದವನಿಗೆ ಹಗ್ಗವೂ ಹಾವು. ಅವನು ಗೆರೆಗಳನ್ನೇ ಮೂರು ಸಲ ಎಣಿಸಿದ. ಹೋದ ವಾರವಷ್ಟೇ, ಬಟ್ಟೆ ಒಣಹಾಕಲಿಕ್ಕೆಂದು ಪಕ್ಕದ ಮನೆಯ ಭುಜಂಗಣ್ಣ ಕೇಳಿದಾಗ, ಒಂದು ಹಳೇ ಟ್ಯೂಬನ್ನು ಗೇಟ್ ಪಾಸ್ ಮಾಡಿಸಿ ಒಯ್ದುಕೊಟ್ಟಿದ್ದ. ಅವಸರದಲ್ಲಿ ಹೊಸತನ್ನೇ ಕೊಟ್ಟುಬಿಟ್ಟೆನೇ? ನಾಲ್ಕು ಗಂಟೆಗೆ ಮ್ಯಾನೇಜರ್ ಸುದರ್ಶನ ರಾಯರು ವಾಶಿಯ ಆಫೀಸಿನಿಂದ ಬರುವವರು. ಅಷ್ಟರೊಳಗೆ ಟ್ಯೂಬು ಬಾರದಿದ್ದರೆ ಇಪ್ಪತ್ನಾಲ್ಕು ವರ್ಷದ ಸಾಚಾ ಮನುಷ್ಯ ಕಳ್ಳನಾಗುತ್ತಾನೆ!

ಓಡಿದ. ಭುಜಂಗಣ್ಣನ ಬಾಲ್ಕನಿಯಲ್ಲಿ ಸೀರೆಗಳ ನಡುವೆ ಟ್ಯೂಬು ಚಿನ್ನದಂತೆ ಹೊಳೆಯುತ್ತಿತ್ತು. ಹಳೆಯದು ಹೀಗೆ ಹೊಳೆಯುವುದುಂಟೇ? ಲೀಲಾಧರ ಮೆಟ್ಟಿಲು ಹತ್ತಿ ಬಾಗಿಲು ಬಡಿದ.

"ಭುಜಂಗಣ್ಣ, ನನ್ನ ಮಾನ ನಿಮ್ಮ ಕೈಯಲ್ಲುಂಟು" ಎಂದು ಎಲ್ಲ ಹೇಳಿಕೊಂಡ.

"ಅಯ್ಯೋ, ಅದಕ್ಕೆಂತ ಅಳುದು ಮಾರಾಯ! ನಾವೆಲ್ಲ ಇಲ್ಲವಾ?" ಎಂದರು ಭುಜಂಗಣ್ಣ. ಹೋಟೆಲು ನಡೆಸಿ ನಿವೃತ್ತರಾದವರು. ಗಿರಾಕಿಯಿಲ್ಲದೆ ಕೈ ತುರಿಸುತ್ತಿತ್ತು.

ಹನ್ನೆರಡಡಿ ಟ್ಯೂಬನ್ನು ಯಾವ ರಿಕ್ಷಾದವನೂ ಹತ್ತಿಸಿಕೊಳ್ಳಲಿಲ್ಲ. ಮುಂದಿನ ತುದಿಗೆ ಭುಜಂಗಣ್ಣ, ಹಿಂದಿನ ತುದಿಗೆ ಲೀಲಾಧರ ಹೆಗಲು ಕೊಟ್ಟರು. ಬಟ್ಟೆ ತೆಗೆಯುವಷ್ಟು ವ್ಯವಧಾನವಿಲ್ಲದ್ದರಿಂದ ಸೀರೆ, ಬನಿಯನ್ನುಗಳೂ ಹೊರಟವು. ಕ್ಲಿಪ್ಪು ಬಿದ್ದಾವೆಂದು ಹಿಂದೆ ಭುಜಂಗಣ್ಣನ ಹೆಂಡತಿ ಶ್ರೀಮತಿ ಅಕ್ಕ. "ಯಾವ ದೇವರ ಪಾಲಖಿ?" ಎಂದು ಮರಾಠಿಯಲ್ಲಿ ಕೇಳಿದ ಅಜ್ಜಿಯೊಬ್ಬಳು ಉತ್ತರಕ್ಕೂ ಕಾಯದೆ ಕೈಮುಗಿದಳು. ಬೆವರಿನಲ್ಲಿ ಮಿಂದ ಲೀಲಾಧರನ ಮನಸ್ಸು ತುಂಬಿಬಂತು. ಇಂಥ ನೆರೆಯವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡ.

ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಚಾಚಿದ. ಪ್ರಾಮಾಣಿಕತೆಗೆ ಇನ್ನೊಂದು ಹೆಸರಾದ ಲೀಲಾಧರ, "ಹೊಸ ಹಿತ್ತಾಳೆ ಟ್ಯೂಬು, ಒಂದು. ತಪ್ಪಿ ಮನೆಗೆ ಹೋಗಿತ್ತು, ವಾಪಸು" ಎಂದು ಬರೆದು ಸಹಿ ಹಾಕಿದ. ನೆರೆಯವರಿಗೆ ಒಳಗೆ ಪ್ರವೇಶವಿಲ್ಲ; ಒದ್ದೆ ಬಟ್ಟೆ ಹೊತ್ತು ಹೊರಗೇ ನಿಂತರು.

"ಇದ್ಯಾಕ ತಂದ್ರಿ ಸರ? ಅರವತ್ತೂ ಅದಾವಲ್ರೀ" ಎಂದ ಜಟ್ಟೆಪ್ಪ.

"ಐವತ್ತೊಂಬತ್ತು. ಬೇಕಾದರೆ ಎಣಿಸು."

ಜಟ್ಟೆಪ್ಪ ಮೊದಲನೆಯದನ್ನು ಎತ್ತಿಟ್ಟ. "ಲಾಭ."

ಲೀಲಾಧರ ಪೆನ್ನು ಹಿಡಿದು ಕಾದ.

"ಎರಡು."

"ಒಂದು ಎಲ್ಲಿ ಹೋಯಿತು?"

"ಹೇಳಿದೆನಲ್ರೀ, ಲಾಭ ಅಂತ. ಅದ ಒಂದ್ರೀ. ನಮ್ಮ ಕಡೆ ಕಾಳಿನ ರಾಶಿ ಅಳಿಯೂ ಮುಂದ ಯಾರರ ಒಂದು ಅಂತಾರೇನ್ರಿ?"

ಕರಾವಳಿಯವನಾದ ಲೀಲಾಧರನಿಗೆ ಮೊದಲ ಎಣಿಕೆಯಲ್ಲಿ ಆ ಲಾಭ ದೇವರ ಸ್ಮರಣೆಯಂತೆ ಕೇಳಿಸಿತ್ತು, ಗೆರೆ ಎಳೆದಿರಲಿಲ್ಲ. ಹಾಗಾದರೆ ಈ ಹೊಳಪು? ಗೇಟಿಗೆ ಓಡಿ ಕೇಳಿದ.

"ನಾನು ಮೂರು ದಿನ ಹುಣಸೆಹುಳಿ ಹಾಕಿ ತಿಕ್ಕಿದ್ದು. ಹೊಳೆಯದೆ ಎಂತ ಮಾಡ್ತದೆ?" ಎಂದರು ಶ್ರೀಮತಿ ಅಕ್ಕ.

ಬದುಕಿದೆ! ಲೀಲಾಧರ ಇಬ್ಬರಿಗೂ ಕೈಮುಗಿದ. ಅಷ್ಟರಲ್ಲಿ ಸುದರ್ಶನ ರಾಯರ ಕಾರು ನಿಂತಿತು. ರಾಯರು ಇಳಿದು ರಿಜಿಸ್ಟರ್ ಓದಿದರು, ಒಳಗೆ ಹೋಗಿ ಟ್ಯೂಬು ಎಣಿಸಿದರು.

"ಲೀಲಾಧರ, ನಾನೂರು ಹೊಸ ಟ್ಯೂಬು, ನಾನೂರು ತೂತು. ಇಲ್ಲಿ ಅರವತ್ತು ಉಂಟು, ನೀವು ತಂದದ್ದು ಒಂದು. ಹಾಗಾದರೆ ಒಳಗೆ ಹೋದದ್ದು ಮುನ್ನೂರ ಮೂವತ್ತೊಂಬತ್ತು. ಒಂದು ತೂತು ಖಾಲಿ ಬಿಟ್ಟಿದ್ದೀರಿ!"

"ಅಲ್ಲ ಸರ್, ಅದು ಹಳೆಯದು, ಹುಣಸೆಹುಳಿ ಹಾಕಿ..."

"ಹುಣಸೆಹುಳಿ ಸಹಿ ಹಾಕಿಲ್ಲ, ನೀವು ಹಾಕಿದ್ದೀರಿ. ಖಾಲಿ ತೂತು ಸಿಗುವವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಮೊದಲಿಂದ ಎಣಿಸಿ!"

ಇಲ್ಲದ ತೂತನ್ನು ಎಲ್ಲಿಂದ ಹುಡುಕಿ ತರುವುದು? ಲೀಲಾಧರ ದಿಕ್ಕುತೋಚದೆ ಗೇಟಿನ ಕಡೆ ನೋಡಿದ. ರಾಯರ ಗದರಿಕೆ ಅಲ್ಲಿಗೂ ಕೇಳಿಸಿ ಭುಜಂಗಣ್ಣ ಆಗಲೇ ಅಂಗಿಯ ತೋಳು ಮಡಚುತ್ತಿದ್ದರು.

"ಹೆದರಬೇಡ ಮಾರಾಯ! ಒಂದು ತೂತು ತಾನೇ? ನಮಗೊಂದು ಡ್ರಿಲ್ ಕೊಡು, ಈಗ ಮಾಡಿಕೊಡ್ತೇವೆ!"