ಹದಿನಾರು ಜಿಬಿ ವಿರಹ

ಆ ಅಂಗಡಿಯಲ್ಲಿ ಯಜಮಾನರಿಗಿಂತ ದೊಡ್ಡದು ಎಂದರೆ ಒಂದು ಗಾಜಿನ ಪೇಪರ್‌ವೇಟು. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಕಂಪ್ಯೂಟರಿನಲ್ಲಿ ವ್ಯಾಪಾರದ ಸಾಫ್ಟ್‌ವೇರ್ ತೆರೆಯಬಹುದು. ಉಳಿದವರು ಕೈಕಟ್ಟಿ ಕೂರಬೇಕು. ಇಬ್ಬರು ಒಟ್ಟಿಗೆ ತೆರೆದರೋ, ಪರದೆಯ ಮೇಲೆ ಚಕ್ರ ತಿರುಗಲು ಶುರುವಾಗಿ ಊಟದ ಹೊತ್ತಿನವರೆಗೂ ತಿರುಗುತ್ತಲೇ ಇರುತ್ತಿತ್ತು.

ಇದಕ್ಕೆಲ್ಲ ಮೂಲ, ಮೆಟ್ಟಿಲ ಕೆಳಗೆ ಕೂತಿದ್ದ ಸರ್ವರ್. ಉಳಿದ ಕಂಪ್ಯೂಟರುಗಳೆಲ್ಲ ಏನು ಕೇಳಿದರೂ ಅದನ್ನೇ ಕೇಳಬೇಕು. ಸಾಫ್ಟ್‌ವೇರ್ ಕೊಂಡ ದಿನ ಕಂಪನಿಯವರು ಒಂದು ಪುಟ ಬರೆದುಕೊಟ್ಟಿದ್ದರು: ಹದಿನಾರು ಜಿಬಿ ಮೆಮೊರಿ ಬೇಕು, ವೇಗದ ಡಿಸ್ಕ್ ಬೇಕು, ಕರೆಂಟು ಹೋದರೆ ಯುಪಿಎಸ್ ಬೇಕು, ತಂಪಾದ ಕೋಣೆ ಬೇಕು. ಯಜಮಾನರು ಅದನ್ನು ಓದಿ ನಕ್ಕರು. ದರ್ಜಿ ಮೂರು ಮೀಟರ್ ಕೇಳಿದರೆ ಎರಡು ಸಾಕು, ಉಳಿದದ್ದು ಅವನ ಮಗನ ಚಡ್ಡಿಗೆ ಎನ್ನುವುದು ಅವರ ಅನುಭವ. ಅಳಿಯ ಗುಜರಿಗೆ ಹಾಕಲು ಇಟ್ಟಿದ್ದ ಕಂಪ್ಯೂಟರನ್ನು ತರಿಸಿ, ನಲ್ಲಿ ತುಂಬಿದ ರಟ್ಟಿನ ಪೆಟ್ಟಿಗೆಗಳ ಮಧ್ಯೆ ಸ್ಥಾಪಿಸಿದರು. ಅದು ನಲ್ಲಿ, ಪೈಪುಗಳ ಸಗಟು ಅಂಗಡಿ.

ಅಲ್ಲಿನ ಉಗ್ರಾಣ ನೋಡಿಕೊಳ್ಳುವವನನ್ನು ಎಲ್ಲರೂ ಸ್ಟೋರಪ್ಪ ಎನ್ನುತ್ತಿದ್ದರು. ಮದುವೆಯಾಗಿ ಹದಿನಾಲ್ಕು ತಿಂಗಳು. ಹೆಂಡತಿ ಏಳು ತಾಸು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಎರಡು ಬಾಡಿಗೆ ಮನೆ, ಎರಡು ಬಕೆಟ್ಟು, ಎರಡು ಗ್ಯಾಸ್ ಸಿಲಿಂಡರು. ಸಂಸಾರ ಮಾತ್ರ ಹದಿನೈದು ದಿನಕ್ಕೊಂದು ಭಾನುವಾರ. ಆ ಭಾನುವಾರವೂ ಅರ್ಧ ಬಸ್ಸಿನಲ್ಲೇ ಮುಗಿಯುತ್ತಿತ್ತು. ಫೋನಿನಲ್ಲಿ ಅವಳು ‘ಹಲೋ’ ಎಂದ ರೀತಿಯಿಂದಲೇ ಯಾವ ಪಾಳಿ ಮುಗಿಸಿ ಬಂದಿದ್ದಾಳೆಂದು ಹೇಳಬಲ್ಲವನಾಗಿದ್ದ ಪಾಪ. ಅವಳ ಮುಖಕ್ಕಿಂತ ದನಿಯೇ ಅವನಿಗೆ ಹೆಚ್ಚು ಪರಿಚಯವಾಗಿಬಿಟ್ಟಿತ್ತು.

ದೇವರು ಕಣ್ಣುಬಿಟ್ಟಂತೆ, ಅಂಗಡಿಯ ಎರಡನೇ ಉಗ್ರಾಣ ಇದ್ದದ್ದು ಅದೇ ಊರಿನಲ್ಲಿ, ಅವಳ ಮನೆಯ ಹಿಂದಿನ ರಸ್ತೆಯಲ್ಲಿ. ಅಲ್ಲಿಂದ ದಾಸ್ತಾನಿನ ಪಟ್ಟಿ ವಾರಕ್ಕೊಮ್ಮೆ ಚೀಟಿಯಲ್ಲಿ ಬರುತ್ತಿತ್ತು, ಬರುವಷ್ಟರಲ್ಲಿ ಸುಳ್ಳಾಗಿರುತ್ತಿತ್ತು. ಅಲ್ಲೊಬ್ಬ ನಂಬಿಕಸ್ಥ ಬೇಕೆಂದು ಯಜಮಾನರಿಗೂ ಅನಿಸಿತ್ತು. ಸ್ಟೋರಪ್ಪ ಮೂರು ತಿಂಗಳು ಬೆನ್ನುಬಿದ್ದ ಮೇಲೆ ಅವರು ಒಂದು ಷರತ್ತು ಹಾಕಿದರು. ಗುರುವಾರ ಸಂಜೆ ಐದರೊಳಗೆ ಇಲ್ಲಿನ ಸಾಮಾನೆಲ್ಲ ಕಂಪ್ಯೂಟರಿಗೆ ಏರಿರಬೇಕು, ಏರಿದರೆ ಶುಕ್ರವಾರವೇ ಹೊರಡಬಹುದು. ಇಲ್ಲದಿದ್ದರೆ ಆ ಊರಿನವನೇ ಒಬ್ಬ ಕೆಲಸ ಕೇಳಿ ಬಂದಿದ್ದಾನೆ, ಅವನಿಗೆ ಹೂಂ ಎನ್ನುವುದು.

ಆ ಗುರುವಾರ ಬಂದಿತ್ತು. ಒಟ್ಟು ನಾನೂರ ಹನ್ನೆರಡು ಬಗೆಯ ಸಾಮಾನು. ಸ್ಟೋರಪ್ಪ ಒಂಬತ್ತಕ್ಕೇ ಬಂದು ಪೇಪರ್‌ವೇಟನ್ನು ಜೇಬಿಗಿಳಿಸಿದ. ಒಂಬತ್ತೂಕಾಲಿಗೆ ಬಿಲ್ ಹಾಕುವ ಅಕ್ಕ ಬಂದು, ಗಿರಾಕಿ ನಿಂತಿದ್ದಾನೆ, ಎರಡೇ ನಿಮಿಷ ಎಂದು ಅದನ್ನು ಕಿತ್ತುಕೊಂಡರು. ಅವರ ಎರಡು ನಿಮಿಷ ಮುಕ್ಕಾಲು ಗಂಟೆ ಆಯಿತು. ಅವರಿಂದ ಅದು ಖರೀದಿ ಮಾಮನ ಕೈಗೆ ಹೋಯಿತು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಮಾಮ ಒಂದೊಂದು ಅಕ್ಷರವನ್ನೂ ಹುಡುಕಿ, ಸಿಕ್ಕಿದಾಗ ಸಂತೋಷಪಟ್ಟು, ಆಮೇಲೆ ಒತ್ತುವವರು. ಹನ್ನೊಂದಕ್ಕೆ ನೋಡಿದರೆ ಸ್ಟೋರಪ್ಪ ಏರಿಸಿದ್ದು ಹತ್ತೊಂಬತ್ತು ಸಾಮಾನು. ಇಪ್ಪತ್ತನೆಯದಕ್ಕೆ ಚಕ್ರ ತಿರುಗತೊಡಗಿತು, ನಿಲ್ಲಲಿಲ್ಲ.

ಎಲ್ಲರೂ ಸಲಹೆ ಕೊಟ್ಟರು. ಸಲಹೆಗೇನು ಕರೆಂಟು ಬೇಕೇ? ಅಕ್ಕ ಟೇಬಲ್ ಫ್ಯಾನ್ ತಂದು ಸರ್ವರಿಗೆ ಗಾಳಿ ಹಾಕಿದರು. ವರ್ಷಗಳ ಧೂಳೆಲ್ಲ ಎದ್ದು ಅಂಗಡಿಯವರೆಲ್ಲ ಸೀನಿದರು. ಮಾಮ, ಹಿಂದೆ ರೇಡಿಯೋಗೆ ಮಾಡುತ್ತಿದ್ದಂತೆ, ಅದರ ನೆತ್ತಿಗೆ ಎರಡು ತಟ್ಟಿದರು. ಅದು ಪೂರ್ತಿ ಆರಿಹೋಯಿತು. ಮತ್ತೆ ಏಳುವ ಹೊತ್ತಿಗೆ ಹನ್ನೆರಡು. ಸ್ಟೋರಪ್ಪನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಕೊನೆಗೆ ಅವನು ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದ. ಅಲ್ಲಿನ ಇಂಜಿನಿಯರ್ ಮೇಡಂ ಮೆಮೊರಿ ಎಷ್ಟಿದೆ ಎಂದು ಕೇಳಿದರು. ನಾಲ್ಕು ಎಂದ.

“ಹದಿನಾರು ಬೇಕು ಅಂತ ಬರೆದುಕೊಟ್ಟಿದ್ವಲ್ಲ ಸರ್?”

“ನಾಲ್ಕು ಜನಕ್ಕೆ ಹದಿನಾರು ಮೇಡಂ. ನಾವು ಒಬ್ಬೊಬ್ಬರೇ ಕೂರ್ತೀವಿ. ಭಾಗಿಸಿದ್ರೆ ನಾಲ್ಕೇ ಅಲ್ವಾ?”

ಈ ಲೆಕ್ಕ ಯಜಮಾನರದ್ದು. ಅಂಗಡಿಯಲ್ಲಿ ಇದುವರೆಗೆ ಯಾರೂ ಅನುಮಾನಪಟ್ಟಿರಲಿಲ್ಲ. ಮೇಡಂ ನಗು ತಡೆದುಕೊಂಡು, ದೂರದಿಂದಲೇ ಸರ್ವರನ್ನು ತೆರೆದು ನೋಡಿ, ಒಬ್ಬೊಬ್ಬರೇ ಎಲ್ಲಿ ಬಂತು, ಒಳಗೆ ಹನ್ನೊಂದು ಜನ ಕೂತಿದ್ದಾರಲ್ಲ ಎಂದರು. ಪೇಪರ್‌ವೇಟು ದಾಟಿಸಿದವರು ಪರದೆ ಮುಚ್ಚುತ್ತಿದ್ದರೇ ಹೊರತು ಸಾಫ್ಟ್‌ವೇರಿನಿಂದ ಹೊರಗೇ ಬರುತ್ತಿರಲಿಲ್ಲ. ಬೆಳಗಿನಿಂದ ಮಾಮ ಒಬ್ಬರೇ ಆರು ಸಲ ಒಳಗೆ ಹೋಗಿ ಅಲ್ಲೇ ಉಳಿದಿದ್ದರು, ಸರ್ವರ್ ಆರಿ ಎದ್ದರೂ ಆ ಲೆಕ್ಕ ಅಳಿಸಿರಲಿಲ್ಲ. ಮೇಡಂ ಎಲ್ಲರನ್ನೂ ಹೊರದಬ್ಬಿದರು. ಆದರೂ ಈ ಯಂತ್ರದಲ್ಲಿ ಐದರೊಳಗೆ ಆಗುವ ಮಾತಲ್ಲ, ಬೇರೆ ಯಂತ್ರ ಬೇಕು ಎಂದರು.

ಬೇರೆ ಯಂತ್ರ ಇತ್ತು. ಯಜಮಾನರ ಕೋಣೆಯಲ್ಲಿ, ಎಸಿಯ ಕೆಳಗೆ, ಹದಿನಾರು ಜಿಬಿಯ ಹೊಚ್ಚ ಹೊಸ ಕಂಪ್ಯೂಟರು, ಜೊತೆಗೆ ಯುಪಿಎಸ್ಸು. ಯಜಮಾನರು ಅದರಲ್ಲಿ ಮೊಮ್ಮಗಳ ಫೋಟೋ ನೋಡುತ್ತಿದ್ದರು. ಅವತ್ತು ಅವರು ನಾಲ್ಕರವರೆಗೆ ಬರುವವರಲ್ಲ. ಸ್ಟೋರಪ್ಪ ಬಾಗಿಲ ಮುಂದೆ ನಿಂತ. ಕೆಲಸ ಹೋದರೆ? ಹೋಗಲಿ, ಹೀಗೆ ಇನ್ನೊಂದು ವರ್ಷ ಅವಳ ದನಿಯ ಜೊತೆ ಸಂಸಾರ ಮಾಡಲಾರೆ ಎಂದುಕೊಂಡು ಒಳಗೆ ನುಗ್ಗಿದ.

ಮೇಡಂ ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಾಡಿದ. ಮೆಟ್ಟಿಲ ಕೆಳಗಿನ ಮಾಹಿತಿಯೆಲ್ಲ ಮೇಲಿನ ಯಂತ್ರಕ್ಕೆ ದಾಟಿತು. ಮೊಮ್ಮಗಳ ಫೋಟೋಗಳನ್ನು ಮಗುವನ್ನೇ ಎತ್ತಿದಷ್ಟು ಜೋಪಾನವಾಗಿ ಪಕ್ಕಕ್ಕಿಟ್ಟ. ಕಡೆಯಲ್ಲಿ ಮೇಡಂ, ಇನ್ನೊಂದು ಊರಿನ ಉಗ್ರಾಣದಲ್ಲಿ ಸ್ಕ್ಯಾನರ್ ದಾಖಲಿಸುವುದೆಲ್ಲ ಇಲ್ಲಿಗೆ ಬರುವ ಸಂಪರ್ಕವನ್ನು ಸರ್ವರ್ ತಾಳುವುದಿಲ್ಲವೆಂದು ನಿಲ್ಲಿಸಿದ್ದೆವು, ಈಗ ಅದನ್ನೂ ಕೊಟ್ಟುಬಿಡಲೇ ಎಂದು ಕೇಳಿದರು. ನಾಳೆಯಿಂದ ತಾನೇ ಅಲ್ಲಿ ಕೂರುವವನು! ಕೊಡಿ ಮೇಡಂ, ಪುಣ್ಯ ಬರುತ್ತೆ ಎಂದ.

ಎರಡು ಗಂಟೆಗೆ ಪವಾಡ ನಡೆಯಿತು. ಮೂವರೂ ಒಟ್ಟಿಗೆ ಕೂತರು, ಸಾಫ್ಟ್‌ವೇರ್ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಮಾಮ ಅಕ್ಷರ ಹುಡುಕುವುದನ್ನು ಬಿಟ್ಟು, ಸಾಮಾನಿನ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದರು. ಅಕ್ಕ ಊಟ ಬಿಟ್ಟು ಜೊತೆಗೆ ಕೂತರು. ಹೋಗಪ್ಪಾ, ಹೆಂಡತಿ ಹತ್ತಿರ ಹೋಗು ಎನ್ನುತ್ತ ಒಂದೊಂದೇ ನಲ್ಲಿ ಏರಿಸಿದರು. ನಾಲ್ಕೂವರೆಗೆ ನಾನೂರ ಹನ್ನೆರಡೂ ಮುಗಿಯಿತು. ಸ್ಟೋರಪ್ಪ ಎದ್ದು ಇಬ್ಬರಿಗೂ ಕೈಮುಗಿದ.

ಆಗ ಯಜಮಾನರು ಬಂದರು. ತಮ್ಮ ಕೋಣೆಯ ತುಂಬ ವೈರು ಹರಿದಾಡುವುದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಸ್ಟೋರಪ್ಪ ತಪ್ಪಾಯಿತೆಂದು ನಡೆದದ್ದನ್ನೆಲ್ಲ ಒದರಿದ. ಅವರು ಕೂತು ಇಲ್ಲೊಂದು ಒತ್ತಿದರು, ಅಲ್ಲೊಂದು ಒತ್ತಿದರು. ಹುಬ್ಬು ಸಡಿಲವಾಯಿತು. ಆ ಊರಿನ ಉಗ್ರಾಣವೂ ಕಾಣುತ್ತದೆಯೇ ಎಂದರು. ಕಾಣುತ್ತದೆ ಎಂದು ಹೆಮ್ಮೆಯಿಂದ ತೋರಿಸಿದ. ಅಲ್ಲಿನ ಹಮಾಲಿ ಸ್ಕ್ಯಾನರ್ ಹಿಡಿದು ಪೆಟ್ಟಿಗೆ ಇಳಿಸುತ್ತಿದ್ದುದು ಒಂದೊಂದಾಗಿ ಇಲ್ಲಿ ಪರದೆಗೆ ಬಂದು ಬೀಳುತ್ತಿತ್ತು. ಯಜಮಾನರು ಎದ್ದು ಅವನ ಬೆನ್ನು ತಟ್ಟಿದರು.

“ನಿನ್ನಂಥವನು ಲಕ್ಷಕ್ಕೊಬ್ಬ ಕಣಯ್ಯ. ಇನ್ನು ಅಲ್ಲಿಗೆ ಯಾರೂ ಬೇಡ. ಆ ಊರಿನವನಿಗೂ ಬೇಡ ಅಂತ ಈಗಲೇ ಹೇಳ್ತೀನಿ. ಎರಡು ಉಗ್ರಾಣಾನೂ ನೀನು ಇಲ್ಲಿಂದಲೇ ನೋಡ್ಕೊ.”

ಸ್ಟೋರಪ್ಪ ಗಾಬರಿಯಿಂದ, ಇದು ಯಾವಾಗ ಬೇಕಾದರೂ ನಿಂತುಹೋಗಬಹುದು ಸರ್ ಎಂದ. ಅದಕ್ಕೇ ನೀನು ಪಕ್ಕದಲ್ಲೇ ಇರಬೇಕು ಎಂದರು ಯಜಮಾನರು. ತಮ್ಮ ಕೋಣೆಯನ್ನೇ ಸರ್ವರಿಗೆ ಬಿಟ್ಟುಕೊಟ್ಟು, ಒಂದು ಮೂಲೆಯಲ್ಲಿ ಅವನಿಗೂ ಕುರ್ಚಿ ಹಾಕಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು ಎಂದು ಹೊರಗೆ ಅಕ್ಕ ಮಾಮನಿಗೆ ಹೇಳಿದ್ದು ಅವನಿಗೆ ಕೇಳಿಸಿತು.

ಐದಕ್ಕೆ ಸರಿಯಾಗಿ ಹೆಂಡತಿಯ ಫೋನು. ಬೆಳಗಿನ ಪಾಳಿ ಮುಗಿಸಿದ ದನಿ, ಆದರೆ ದಣಿವಿರಲಿಲ್ಲ.

“ರೀ, ಬಸ್ಸು ಎಷ್ಟೊತ್ತಿಗೆ? ಬೀರುವಿನಲ್ಲಿ ಅರ್ಧ ನಿಮಗೆ ಅಂತ ಖಾಲಿ ಮಾಡಿದೀನಿ.”

ಅವನು ಎಲ್ಲವನ್ನೂ ಹೇಳಿದ.

“ಅಷ್ಟು ಚೆನ್ನಾಗಿ ಯಾಕ್ರೀ ಮಾಡೋಕೆ ಹೋದ್ರಿ?”

“ನಿನ್ನ ಹತ್ರ ಬೇಗ ಬರೋಣ ಅಂತ ಕಣೇ.”

ಫೋನ್ ಇಟ್ಟ ಮೇಲೆ ಅವನು ಎಸಿಯ ತಂಪಿನಲ್ಲಿ ಒಬ್ಬನೇ ಕೂತ. ಆ ಊರಿನ ಉಗ್ರಾಣವನ್ನು ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಎರಡನೇ ಸಾಲಿನ ಮೂರನೇ ಕಪಾಟಿನಲ್ಲಿ ಅರ್ಧ ಇಂಚಿನ ನಲ್ಲಿ ನಲವತ್ತೆಂಟು ಎಂಬುದು ಏಳು ತಾಸು ದೂರದಿಂದ ಸ್ಪಷ್ಟವಾಗಿ ಕಂಡಿತು. ಆ ಉಗ್ರಾಣದ ಕಿಟಕಿಯಿಂದ ಅವಳ ಮನೆಯ ಹಿತ್ತಿಲು ಕಾಣುತ್ತದೆಂದು ಅವಳೇ ಒಮ್ಮೆ ಹೇಳಿದ್ದಳು. ಅವನು ಮುಚ್ಚಿ, ಈ ಸಲವಾದರೂ ತಡವಾಗಲಪ್ಪಾ ಎಂದು ಬೇಡಿಕೊಂಡು ಮತ್ತೆ ಒತ್ತಿದ. ಮೊದಲಿಗಿಂತ ಬೇಗ ತೆರೆಯಿತು.