ಮಾಮನ ಗಡಿಯಾರದ ಬೆನ್ನು

ನಮ್ಮ ಸೋದರಮಾವನನ್ನು ಗಂಟೆ ಎಷ್ಟೆಂದು ಮಾತ್ರ ಕೇಳಬೇಡಿ. ಕೇಳಿದವರ ಅರ್ಧ ದಿನ ಹೋಗುತ್ತದೆ. ಗಂಟೆ ಎಷ್ಟೆಂದು ಆಗಲೂ ಗೊತ್ತಾಗುವುದಿಲ್ಲ.

ಮಾಮ ಮುಂಬೈ ಕಡಲಿನ ತೈಲಬಾವಿಗಳ ಬಳಿ ಸಮುದ್ರದ ತಳಕ್ಕಿಳಿದು ಪೈಪು ಬೆಸೆಯುತ್ತಿದ್ದವರು. ತಮಿಳು ಸೀಮೆಯ ನಮ್ಮ ಸೂಲೂರಿಗೆ ಮರಳಿ ಬಹಳ ವರ್ಷವಾಯಿತು. ಸಮುದ್ರ ಬಿಟ್ಟರೂ ಮುಳುಗುವವರ ಕೈಗಡಿಯಾರ ಬಿಡಲಿಲ್ಲ. ಅಂಗಿಯ ತೋಳು ಮುಚ್ಚಲಾರದಷ್ಟು ದಪ್ಪ. ಸಾವಿರ ಅಡಿ ಆಳದಲ್ಲೂ ಹನಿ ನೀರನ್ನು ಒಳಗೆ ಬಿಡದು. ನಮ್ಮ ಕಡೆ ಅಷ್ಟು ಆಳದಲ್ಲಿ ನೀರಿರುವುದು ಬೋರ್‌ವೆಲ್‌ಗಳಲ್ಲಿ, ಅದೂ ಅದೃಷ್ಟವಿದ್ದರೆ!

ಅದರ ಪಕ್ಕೆಯಲ್ಲಿ ಸಾಸಿವೆಯಷ್ಟು ಕವಾಟವೊಂದಿದೆ. ಆಳದಲ್ಲಿ ದುಡಿಯುವವರು ದಿನಗಟ್ಟಲೆ ಒತ್ತಡದ ಕೋಣೆಯಲ್ಲಿ ಹೀಲಿಯಂ ಬೆರೆತ ಗಾಳಿ ಉಸಿರಾಡುತ್ತಾರಂತೆ. ಆ ಹೀಲಿಯಂ ಗಡಿಯಾರದೊಳಗೂ ನುಸುಳುತ್ತದೆ. ಮೇಲೆ ಬರುವಾಗ ಅದಕ್ಕೆ ಹೊರದಾರಿ ಬೇಕು, ಇಲ್ಲದಿದ್ದರೆ ಗಾಜು ಸಿಡಿಯುತ್ತದೆ. ಇದನ್ನು ಮಾಮ ಮದುವೆ ಪಂಕ್ತಿಯಲ್ಲಿ, ಎಲೆಗೆ ಅನ್ನ ಬಿದ್ದ ಮೇಲೆ ವಿವರಿಸುತ್ತಾರೆ. ಮೆಟ್ಟುಪಾಳ್ಯದ ತರಕಾರಿ ಮಂಡಿಯವರೊಬ್ಬರು ಕೊನೆತನಕ ಕೇಳಿ, "ಇಷ್ಟು ಕಷ್ಟ ಯಾಕುಂಗ? ಇಳಿಯುವಾಗ ಕಳಚಿಟ್ಟು ಹೋಗಬಾರದಾ?" ಎಂದರು. ಮಾಮ ಪಾಯಸಕ್ಕೂ ಕಾಯದೆ ಎದ್ದರು.

ಗಾಜಿನ ಸುತ್ತ ತಿರುಗುವ ಬಳೆಯೊಂದಿದೆ. ಮುಳುಗಿ ಎಷ್ಟು ಹೊತ್ತಾಯಿತೆಂದು ಅಳೆಯಲು. ಮಾಮ ಅದರಲ್ಲಿ ಇಡ್ಲಿ ಬೇಯುವುದನ್ನು ಅಳೆಯುತ್ತಾರೆ. ನೆಂಟರು ಕುಳಿತ ಕೂಡಲೇ ಕಟಕಟನೆ ತಿರುಗಿಸುತ್ತಾರೆ. "ಬಂದವರಿಗೆ ಮೊದಲು ಕಾಫಿ ಕೊಡೋಣ, ಆಮೇಲೆ ಮುಳುಗಿಸಿ" ಎನ್ನುತ್ತಾರೆ ಅತ್ತೆ.

ಇಲ್ಲಿಯವರೆಗೆ ನಗುತ್ತಾ ಬರೆದೆ. ಮುಂದಿನದನ್ನು ನಡೆದ ಹಾಗೆಯೇ ಬರೆಯಬೇಕು.

ಮಾಮ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ ಅದನ್ನು ಕಳಚುತ್ತಾರೆ. ಈ ಸಲ ಹಿಂದಿನ ದಿನ ನನ್ನ ಕೈಗೆ ಕೊಟ್ಟು, "ಒರೆಸಿ ಗಂಧ ಇಡು, ಕಣ್ಣು" ಎಂದರು ಮುದ್ದಿನಿಂದ. ನನ್ನದು ಪಂಪಿನ ಬಿಡಿಭಾಗಗಳ ಸಣ್ಣ ಕಾರ್ಖಾನೆ. ದೇವರ ಮುಂದಿಡುವ ಕಬ್ಬಿಣವೆಲ್ಲ ಕನ್ನಡಿಯಂತೆ ಹೊಳೆಯಬೇಕು ಎಂಬುದು ನಮ್ಮ ಊರಿನ ಕಾರ್ಖಾನೆಯವರ ಹಟ. ಒರೆಸಿದರೆ ಸಾಲದೆಂದು ಪಾಲಿಶ್ ಚಕ್ರದ ಕೆಲಸಗಾರನಿಗೆ ಕೊಟ್ಟೆ.

"ಬೆನ್ನ ಮೇಲೆ ಏನೋ ಗೀಚಿದೆ ಸಾರ್, ಅದನ್ನೂ ತೆಗೆಯಲಾ?" ಎಂದು ಅವನು ಕೇಳಿದ. ನಾನು ಫೋನಿನಲ್ಲಿದ್ದೆ. ತಿರುಗಿ ನೋಡಲಿಲ್ಲ. "ಎಲ್ಲಾ ತೆಗಿ" ಎಂದೆ.

ಪೂಜೆ ಮುಗಿದ ಮೇಲೆ ಮಾಮ ಗಡಿಯಾರ ಎತ್ತಿಕೊಂಡು, ಬೆನ್ನಿನ ಮೇಲೆ ಹೆಬ್ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು.

"ಬರೆದದ್ದು ಎಲ್ಲಿ ಸಾಮಿ?"

ಹಡಗಿನಲ್ಲಿ ಜೊತೆಗೆ ದುಡಿಯುತ್ತಿದ್ದ ಕಾರವಾರದ ಕಡೆಯವನೊಬ್ಬ ಕನ್ನಡದಲ್ಲಿ ಗೀಚಿದ್ದನಂತೆ. "ಮನೆಗೆ ಹೋಗಿ ಓದಿಸಿಕೋ" ಎಂದು ನಕ್ಕಿದ್ದನಂತೆ. ಗಡಿಯಾರ ಕೆಡಿಸಿದನೆಂದು ಮಾಮ ಸಿಟ್ಟಾಗಿ ಆ ಸರದಿ ಮುಗಿಯುವತನಕ ಮಾತಾಡಲಿಲ್ಲ. ಅವನು ಬೇರೆ ಹಡಗಿಗೆ ಹೋದ. ಮತ್ತೆ ಸಿಗಲಿಲ್ಲ.

ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಶಾಲೆಯಲ್ಲಿ ಕಲಿತದ್ದು ತಮಿಳು; ಕನ್ನಡ ಓದಲು ಯಾರಿಗೂ ಬಾರದು. ಮೈಸೂರಿನಲ್ಲಿದ್ದಾಗ ಅಕ್ಷರ ಕಲಿತವನು ನಾನೊಬ್ಬನೇ. ನೆಂಟರ ಮದುವೆ ಪತ್ರಿಕೆಗಳನ್ನು ಎಷ್ಟು ಜಂಬದಿಂದ ಓದಿ ಹೇಳಿಲ್ಲ ನಾನು!

"ನನಗೆ ಯಾಕೆ ತೋರಿಸಲಿಲ್ಲ ಮಾಮ?"

"ತೋರಿಸಬೇಕು ಅಂತಲೇ ಇದ್ದೆ. ಅವನು ಅದರಲ್ಲಿ ಬೈದಿದ್ದರೆ ಏನು ಮಾಡೋದು ಅಂತ ಭಯ. ಬೈಯದೆ ಇದ್ದಿದ್ದರೆ ಅದಕ್ಕಿಂತ ಭಯ. ಅವನ ಹತ್ತಿರ ಮಾತು ಬಿಟ್ಟವನು ನಾನಲ್ಲವಾ?"

ಅತ್ತೆ ಅಡುಗೆಮನೆಯಿಂದ ಊಟಕ್ಕೆ ಕರೆದರು. ಇಬ್ಬರೂ ಏಳಲಿಲ್ಲ. ಒಂದು ಪದ ಹಾಗಿರಲಿ, ಒಂದು ಒತ್ತಕ್ಷರ ಇತ್ತೋ ಇಲ್ಲವೋ ಎಂದು ಕೂಡ ನಾನು ಹೇಳಲಾರೆ. ಅದು ನನ್ನ ಅಂಗೈಯಲ್ಲೇ ಇತ್ತು.

ಮಾಮ ಗಡಿಯಾರವನ್ನು ಮಗುಚಿ ನನ್ನ ಮುಂದಿಟ್ಟರು. ಪೂಜೆಯ ಮಣೆಯಿಂದ, ಲೋಹದ ಮೇಲೆ ಗೆರೆ ಎಳೆಯುವ ಗೀರುಮೊಳೆಯನ್ನು ತೆಗೆದುಕೊಟ್ಟರು.

"ನೀನೇ ಏನಾದರೂ ಬರಿ. ಓದಿ ಹೇಳಬೇಡ."

"ತಪ್ಪಾಯಿತು" ಎಂದು ಬರೆದೆ. ಮೊಳೆ ಜಾರಿ ಒತ್ತಕ್ಷರ ವಾರೆಯಾಯಿತು. ಮಾಮ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿ ಎಣಿಸಿದರು.

"ನಾಲ್ಕೇ ಇದೆ. ಅವನದು ಆರಿತ್ತು. ಇನ್ನೆರಡು ಬರಿ."

"ಮಾಮ" ಎಂದು ಬರೆದೆ.